ಗುದ್ದಿಗೆ ಬಲ ಬರಲಿಲ್ಲ, ನನ್ನ ಪಿತ್ತ ನೆತ್ತಿಗೇರಿತು

ಎಲ್ಲಿ ಹೋದರೂ ನನ್ನ ತಲೆ ಕೆಡಿಸುವವರು ನನಗಿಂತ ಮೊದಲೇ ಅಲ್ಲಿ ಬಂದು ಕೂತಿರುತ್ತಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಲಾರಿ ಓಡಿಸಿದೆ, ಚೆನ್ನೈನ ಅಂಬತ್ತೂರಿನಲ್ಲಿ ಲೇತ್ ತಿರುಗಿಸಿದೆ; ಈಗ ವೇಲಚೇರಿಯ ಜಿಮ್ಮೊಂದರಲ್ಲಿ ಬಾಕ್ಸಿಂಗ್ ಕಲಿಸುತ್ತೇನೆ. "ಭಾನುವಾರದ ಪಂದ್ಯದಲ್ಲಿ ನಿನ್ನವನೊಬ್ಬನಾದರೂ ಗೆಲ್ಲದಿದ್ದರೆ ನಿನ್ನ ಕ್ಲಾಸ್ ಬಂದ್, ಅಲ್ಲಿ ಝುಂಬಾ ಡ್ಯಾನ್ಸು" ಅಂದುಬಿಟ್ಟ ಓನರ್. ನನ್ನ ಕೈಯಲ್ಲಿದ್ದವರು ಮೂವರು.

ವಾಚು

ಗುದ್ದಿನ ಬಲ ತೋಳಿನದ್ದಲ್ಲ. ಹಿಮ್ಮಡಿ ತಿರುಗಬೇಕು, ಸೊಂಟ ತಿರುಗಬೇಕು, ಕೈ ಆಮೇಲೆ. ಅದಕ್ಕೇ ಮೂವರಲ್ಲಿ ಮೊದಲನೆಯವನು, ಐಟಿ ಕಂಪನಿಯವನು, ಅವನ ಕೈಗೆ ಭಾರದ ಚೆಂಡು ಕೊಟ್ಟು, ಗೋಡೆಗೆ ಜೋರಾಗಿ ಎಸಿ ಅಂದೆ. ಒಂದು ಸಲ ಎಸೆಯುವುದು, ಕೈಯ ಸ್ಮಾರ್ಟ್ ವಾಚು ನೋಡುವುದು.

"ಸಾರ್, ಎಷ್ಟು ಎಸೆದ್ರೂ ಇದು ನಾನು ಮಲಗಿದೀನಿ ಅಂತಾನೇ ತೋರಿಸ್ತಿದೆ. ಕೆಟ್ಟಿರ್ಬೇಕು."

"ವಾಚು ಸರಿಯಾಗೇ ಇದೆ, ಮನೆಗೆ ಹೋಗು!" ಅಂದೆ.

ಸೈಡ್, ಸೈಡ್

ಎರಡನೆಯವನು ಉಡುಪಿ ಕಡೆಯವನು, ಹೋಟೆಲ್ ಸಪ್ಲೈಯರ್. ಕಾಲು ಎಂಥ ಚುರುಕು ಅಂತೀರಿ! ಆದರೆ ಎಡಗೈ ಮುಖಕ್ಕೆ ಅಡ್ಡ ಹಿಡಿ ಅಂದರೆ, ಮಸಾಲೆದೋಸೆ ಪ್ಲೇಟು ಸಾಲಾಗಿ ಜೋಡಿಸಿಕೊಂಡವನ ಹಾಗೆ ಅಂಗೈ ಮೇಲೆ ಮಾಡುತ್ತಾನೆ. ಸಾಲದ್ದಕ್ಕೆ ಪ್ರತಿ ಗುದ್ದಿಗೂ ಮುಂಚೆ "ಸೈಡ್! ಸೈಡ್!" ಅಂತ ಕೂಗುತ್ತಾನೆ. ಎದುರಿಗಿದ್ದವನು ಮರ್ಯಾದೆಯಿಂದ ಪಕ್ಕಕ್ಕೆ ಸರಿಯುತ್ತಾನೆ.

"ಬಾಯಿ ಮುಚ್ಕೊಂಡು ಹೊಡಿಯೋ!" ಅಂತ ಕಿರುಚಿದೆ.

"ಹೇಳದೆ ನುಗ್ಗಿದ್ರೆ ಯಾರಿಗಾದ್ರೂ ತಾಗುದಿಲ್ವಾ ಮಾಸ್ಟ್ರೆ?"

ಬಿದ್ದವನು

ಉಳಿದವನು ಕೋಡಂಬಾಕ್ಕಂನ ಸಿನಿಮಾ ಸ್ಟಂಟ್ ಹುಡುಗ. ಮಿಂಚಿನಂಥ ಕೈ, ಆದರೆ ಮುಷ್ಟಿ, ನೇತುಹಾಕಿದ ಗುದ್ದುಚೀಲದಿಂದ ಒಂದಿಂಚು ಹಿಂದೆಯೇ ನಿಲ್ಲುತ್ತಿತ್ತು. ಶೂಟಿಂಗ್ ಅಭ್ಯಾಸ! ಸುತ್ತಿಗೆ ಕೊಟ್ಟು ಲಾರಿ ಟಯರಿಗೆ ಹೊಡೆಸಿದೆ, ಬೈದೆ, ಮತ್ತೆ ಹೊಡೆಸಿದೆ. ಕೊನೆಗೂ ಚೀಲ ಅಲುಗಾಡಿತು.

ಭಾನುವಾರ ಅವನೊಬ್ಬನನ್ನೇ ರಿಂಗಿಗಿಳಿಸಿದೆ; ಮೊದಲ ಸುತ್ತಿನಲ್ಲೇ ಎದುರಾಳಿ ತತ್ತರಿಸಿದ. ಓನರ್ ಎದ್ದು ನಿಂತು ಚಪ್ಪಾಳೆ ತಟ್ಟಿದ. ಎರಡನೇ ಸುತ್ತಿನಲ್ಲಿ ಎದುರಾಳಿ ಕಣ್ಮುಚ್ಚಿ ಒಂದು ಬೀಸಿದ. ಅದು ಮೊಳದಷ್ಟು ದೂರದಲ್ಲಿ ಗಾಳಿಗೆ ಹೋಯಿತು. ನಮ್ಮವನು ಮಾತ್ರ ಕತ್ತು ಝಾಡಿಸಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿ, ದೊಪ್ಪೆಂದು ಬಿದ್ದ! ತಾಗಿಸದೆ ಹೊಡೆಯುವ ಅಭ್ಯಾಸ ಬಿಡಿಸಿದ್ದೆ, ಬೀಳುವ ಅಭ್ಯಾಸ ಬಿಡಿಸಿರಲಿಲ್ಲ.

ರೆಫ್ರಿ ಎಣಿಸತೊಡಗಿದ. "ಏಳೋ ದರಿದ್ರದವನೇ, ಏಟೇ ಬಿದ್ದಿಲ್ಲ!" ಅಂತ ಗಂಟಲು ಹರಿದುಕೊಂಡೆ. ಮಿಸುಕಲಿಲ್ಲ. ಎದುರಾಳಿ ತನ್ನ ಗ್ಲೌಸನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ಎಣಿಕೆ ಮುಗಿದದ್ದೇ ನಮ್ಮವನು ಠಣ್ಣನೆ ಎದ್ದು, ಮೈ ಕೊಡವಿಕೊಂಡು, ನಗುನಗುತ್ತ ನನ್ನ ಹತ್ತಿರ ಬಂದ.

"ಓಕೆನಾ ಮಾಸ್ಟರ್? ಇಲ್ಲಾ, ಒನ್ ಮೋರ್ ಟೇಕ್ ಹೋಗೋಣ್ವಾ?"