ಹೆಪ್ಪು ಕೇಳುವ ಭಾವ

ಇದನ್ನು ಬರೆಯಲು ಇವತ್ತು ನಾಳೆ ಎಂದು ತಳ್ಳುತ್ತಲೇ ಬಂದೆ. ಈಗ ಹೇಳಿಬಿಡುತ್ತೇನೆ. ನಮ್ಮ ಅಕ್ಕನ ಗಂಡನಷ್ಟು ನಾಚಿಕೆಯಿಲ್ಲದ ಮನುಷ್ಯ ಅಜ್ಜಂಪುರದಿಂದ ಕಡೂರಿನವರೆಗೆ ಹುಡುಕಿದರೂ ಇನ್ನೊಬ್ಬ ಸಿಗಲಾರ!

ಬೀರೂರು ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದಾಗ ಭಾವ ಯಾರೋ ಸಾಹೇಬರ ಬಾಯಿಂದ ‘ಬ್ರೇಕ್ ದಿ ಐಸ್’ ಎಂಬ ಮಾತು ಕಲಿತರು. ಬಿಗಿದುಕೊಂಡು ಕೂತವರ ನಡುವೆ ಮೊದಲ ಮಾತಾಡಿ ಬಿಗುವು ಸಡಿಲಿಸುವುದು ಎಂದು ಅರ್ಥವಂತೆ. ನೀವು ನಾನಾದರೆ ಅರ್ಥ ತಿಳಿದು ಸುಮ್ಮನಾಗುತ್ತಿದ್ದೆವು. ಭಾವ ಅದನ್ನೇ ಕಸುಬು ಮಾಡಿಕೊಂಡರು! ನಮ್ಮ ಕಡೆ ಒಡೆಯಲು ಐಸೆಲ್ಲಿದೆ? ಅವರು ಮೊಸರಿನ ದಾರಿ ಹಿಡಿದರು. ಎರಡು ಮನೆಯವರು ಮಾತು ಬಿಟ್ಟಿದ್ದಾರೆಂದು ತಿಳಿದರೆ ಸಾಕು, ಬಟ್ಟಲು ಹಿಡಿದು ಒಂದು ಮನೆಯಲ್ಲಿ ಹೆಪ್ಪು ಬೇಡಿ ತಂದು, ಇನ್ನೊಂದು ಮನೆಯ ಹಾಲಿಗೆ ಹಾಕಿಸುವುದು. ಮರುದಿನ ಆ ಮನೆಯವರು ಉಂಡು ಕೈತೊಳೆದ ಮೇಲೆ ಮೆಲ್ಲಗೆ, “ಅವರ ಮನೆ ಮೊಸರು ಹೊಟ್ಟೆಗೆ ಹೋಯ್ತಲ್ಲ, ಇನ್ನೆಂಥ ಮುನಿಸು ಕಣ್ರೀ?” ಎನ್ನುವುದು. ಒಬ್ಬಾಕೆ ಸಿಟ್ಟಿನಲ್ಲಿ ಅಷ್ಟೂ ಮೊಸರನ್ನು ಎಮ್ಮೆಯ ಮುಂದೆ ಸುರಿದಳು. ನಿಮ್ಮ ಎಮ್ಮೆಯಾದರೂ ರಾಜಿಯಾಯಿತಲ್ಲ ಎಂದು ಭಾವ ಸಮಾಧಾನಪಟ್ಟುಕೊಂಡರು.

ತರೀಕೆರೆಯ ನಮ್ಮ ಮನೆಯಲ್ಲಿ ಮಗಳ ನಿಶ್ಚಿತಾರ್ಥ. ಬೀಗರ ಮುಂದೆ ಭಾವ ಈ ಎಮ್ಮೆಯ ಕತೆಯನ್ನೇ ತೆಗೆದರು. ನನ್ನ ಮರ್ಯಾದೆ ಹೋದಂತಾಯಿತು.

“ಸಾಕು ಮಾಡಿ ಭಾವ. ನಿಮ್ಮ ಪುರಾಣ ಕೇಳೋಕೆ ಯಾರೂ ಬಂದಿಲ್ಲ,” ಎಂದುಬಿಟ್ಟೆ.

ಅಕ್ಕ, ಭಾವ ಇಬ್ಬರೂ ಉಣ್ಣದೆ ಹೊರಟುಹೋದರು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಭಾವ! ಕೈಯಲ್ಲಿ ಬಟ್ಟಲು, ಹಿಂದೆ ಅಕ್ಕ. ಹೆಪ್ಪಿಗೆಂದು ಬಸ್ಸು ಹತ್ತಿ ಬಂದವರನ್ನು ಎಲ್ಲಾದರೂ ಕಂಡಿದ್ದೀರಾ?

“ಸ್ವಲ್ಪ ಹೆಪ್ಪು ಕೊಡ್ತೀಯೇನಪ್ಪಾ?”

“ಮೊಸರಿಲ್ಲ,” ಎಂದೆ.

ಒಳಗೆ ನನ್ನ ಹೆಂಡತಿ ಮಜ್ಜಿಗೆ ಕಡೆಯುವ ಸದ್ದು ಬೀದಿಗೇ ಕೇಳುತ್ತಿತ್ತು. ಭಾವ ನಕ್ಕು, ಹಾಗಾದರೆ ನೀರಾದರೂ ಕೊಡು ಎಂದು ಕೇಳಿ, ಕುಡಿದು ಹೋದರು. ಅಕ್ಕ ಹೊಸ್ತಿಲು ದಾಟಲಿಲ್ಲ. ಅಂದಿನಿಂದ ಇಂದಿನವರೆಗೂ ದಾಟಿಲ್ಲ.

ಭಾವನ ಕೈಹಿಡಿದು ತಪ್ಪಾಯಿತು ಎಂದು ಯಾವತ್ತೋ ಹೇಳಿದೆ. ಅವರಿಗೆ ಅದು ನೆನಪೂ ಇರಲಿಲ್ಲ. ಈಗಲೂ ವಾರಕ್ಕೊಮ್ಮೆ ಫೋನ್ ಮಾಡಿ ಹರಟುತ್ತಾರೆ. ಆ ಕಡೆ ಹೆಣ್ಣುದನಿಯೊಂದು ಯಾರದು ಎಂದು ಕೇಳುತ್ತದೆ. ಭಾವ ನನ್ನ ಹೆಸರು ಹೇಳುತ್ತಾರೆ. ಆಮೇಲೆ ಆ ದನಿ ಕೇಳುವುದಿಲ್ಲ. ನಾನು ಬೈದದ್ದು ಭಾವನಿಗೆ, ಅವಳ ಕ್ಷಮೆ ಯಾಕೆ ಕೇಳಬೇಕು ಎಂದುಕೊಂಡೇ ಇಷ್ಟು ವರ್ಷ ಕಳೆದೆ. ತನ್ನ ತವರಿನ ಬಾಗಿಲಲ್ಲಿ ಗಂಡ ಬರಿಬಟ್ಟಲು ಹಿಡಿದು ನಿಂತದ್ದನ್ನು ನೋಡಿದವಳು ಅವಳಲ್ಲವೇ? ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಮ್ಮಕ್ಕ, ಸರೋಜ.