ಮೂರನೇ ನಿಮಿಷದ ಹೆಂಗಸು

ಅಥವಾ ಅವತ್ತು ಮಳೆ ಬರುತ್ತಲೇ ಇರಲಿಲ್ಲವೇನೋ. ನನ್ನ ನೆನಪಿನಲ್ಲಿ ಮಗ್ಗದ ಶೆಡ್ಡಿನ ತಗಡಿನ ಮೇಲೆ ಮಳೆ ದಬದಬನೆ ಬೀಳುತ್ತಿದೆ, ನಾನು ಗಿಟಾರ್ ಹಿಡಿದು ನಿಂತಿದ್ದೇನೆ, ಕೂದಲು ಭುಜಕ್ಕೆ ತಾಗುತ್ತಿದೆ. ಆದರೆ ಆ ಶೆಡ್ಡಿಗೆ ಇದ್ದದ್ದು ಹೆಂಚು, ತಗಡಲ್ಲ ಅನ್ನುತ್ತಾನೆ ಸೀನಿ. ಕೂದಲಿನ ವಿಷಯಕ್ಕೆ ಬಂದರೆ, ಆ ಕಾಲದ ನನ್ನ ಒಂದೇ ಒಂದು ಫೋಟೋದಲ್ಲಿ ಅದು ಕಿವಿಯನ್ನೂ ಮುಟ್ಟಿಲ್ಲ. ಹೀಗೆ ತಗಡು ಹೋಯಿತು, ತಗಡಿನ ಜೊತೆ ಮಳೆಯ ಸದ್ದು ಹೋಯಿತು, ಕೂದಲೂ ಹೋಯಿತು. ಉಳಿದದ್ದು ಗಿಟಾರ್ ಹಿಡಿದ ನಾನು ಮಾತ್ರ. ಕಳೆದ ವರ್ಷದವರೆಗೆ ಅದರ ಬಗ್ಗೆ ನನಗೆ ಯಾವ ಅನುಮಾನವೂ ಇರಲಿಲ್ಲ.

ಸೀನಿ ಅಂದರೆ ಶ್ರೀನಿವಾಸ, ನನ್ನ ಕಾಲೇಜು ಗೆಳೆಯ, ದೊಡ್ಡಬಳ್ಳಾಪುರದಲ್ಲಿ ಸೀರೆ ನೇಯುವ ಪವರ್‌ಲೂಮ್ ಇಟ್ಟುಕೊಂಡವನು. ಐವತ್ತು ವರ್ಷಕ್ಕೂ ಹಿಂದೆ ಅವನು, ನಾನು, ತಮಟೆ ಬಾರಿಸುತ್ತಿದ್ದ ಮುನಿರಾಜು ಸೇರಿ ಒಂದು ಬ್ಯಾಂಡ್ ಕಟ್ಟಿದ್ದೆವು. ಹೆಸರು ‘ದಿ ಎಲೆಕ್ಟ್ರಿಕ್ ಲಾಳೀಸ್’. ಲಾಳಿ ಅಂದರೆ ಮಗ್ಗದಲ್ಲಿ ದಾರ ಹೊತ್ತುಕೊಂಡು ಅತ್ತಿಂದಿತ್ತ ಓಡುವ, ಎರಡೂ ತುದಿಗೆ ಕಬ್ಬಿಣದ ಮೂಗಿರುವ ಮರದ ತುಂಡು. ಬೆಂಗಳೂರಿನಲ್ಲಿ ನಮ್ಮ ವಯಸ್ಸಿನವರು ತಲೆ ಸುತ್ತುವಂಥ ಸಂಗೀತ ಬಾರಿಸುತ್ತಾರೆ, ಅದಕ್ಕೆ ಸೈಕೆಡೆಲಿಕ್ ಅನ್ನುತ್ತಾರೆ ಎಂದು ಕೇಳಿದ್ದೆವು. ದೊಡ್ಡಬಳ್ಳಾಪುರಕ್ಕೂ ಒಂದಿಷ್ಟು ತಲೆಸುತ್ತು ಬೇಕೆನ್ನಿಸಿತು. ಡ್ರಮ್ ಸೆಟ್ ಇರಲಿಲ್ಲ. ಸೀನಿಯ ತಂದೆಯ ಮಗ್ಗಗಳಿದ್ದವು, ಅವು ಹೇಗೂ ದಿನವಿಡೀ ಬಡಿದುಕೊಳ್ಳುತ್ತಿದ್ದವು. ಆ ಬಡಿತಕ್ಕೇ ಹಾಡು ಕೂರಿಸಿಕೊಂಡೆವು. ಸೀನಿಯ ಸೋದರಮಾವನ ಟೇಪ್ ರೆಕಾರ್ಡರಿನಲ್ಲಿ ನಾಲ್ಕು ನಿಮಿಷ ರೆಕಾರ್ಡ್ ಮಾಡಿದೆವು. ಮಾವ ರೆಕಾರ್ಡರ್ ವಾಪಸು ಕೇಳಿದರು, ಬ್ಯಾಂಡ್ ಮುಗಿಯಿತು. ನಾನು ನೆಲಮಂಗಲದ ಒಂದು ಗೋದಾಮಿನಲ್ಲಿ ಗುಮಾಸ್ತನಾಗಿ, ಜೀವನವಿಡೀ ಲಾರಿಗಳ ಹಾರನ್ ಕೇಳಿ, ನಿವೃತ್ತನಾದೆ. ಮುನಿರಾಜು ತೀರಿಕೊಂಡು ಬಹಳ ವರ್ಷವಾಯಿತು.

ಈಗ ಕೇಳಿ. ಲೋಕದಲ್ಲಿ ಒಂದು ಜಾತಿಯ ಜನರಿದ್ದಾರೆ. ಹಿಂದೊಂದು ಕಾಲದಲ್ಲಿ ಯಾರೂ ಕೇಳದೆ ಬಿಟ್ಟ ಇಂಥ ಹಾಡುಗಳನ್ನು, ಕಿವಿ ಹರಿಯುವ ಹಳೇ ರಾಕ್ ಸಂಗೀತವನ್ನು ಗುಜರಿಯಲ್ಲಿ ಹುಡುಕಿ, ಹತ್ತು ಹನ್ನೆರಡನ್ನು ಒಟ್ಟು ಮಾಡಿ, ಗ್ರಾಮಫೋನಿನ ಕಪ್ಪು ತಟ್ಟೆಯಲ್ಲಿ ಒತ್ತಿಸಿ, ಜೊತೆಗೆ ದಪ್ಪ ಪುಸ್ತಿಕೆ ಇಟ್ಟು ಮಾರುತ್ತಾರೆ. ಕೊಳ್ಳುವವರೂ ಇದ್ದಾರಂತೆ. ಹಾಡು ಎಷ್ಟು ಅನಾಮಧೇಯವೋ ಅಷ್ಟು ಬೆಲೆ. ಈ ಅಳತೆಯಲ್ಲಿ ನೋಡಿದರೆ ನಾನು ಬದುಕಿನಲ್ಲಿ ಮಾಡಿದ ಬಹುಪಾಲು ಕೆಲಸಗಳಿಗೆ ಒಳ್ಳೆಯ ಭವಿಷ್ಯವಿದೆ. ಮಾವನ ರೆಕಾರ್ಡರ್ ಹೇಗೋ ಗುಜರಿಗೆ ಹೋಗಿ, ಒಳಗಿದ್ದ ಟೇಪ್ ಮಾರ್ಟೆನ್ ಎಂಬ ಹೊರದೇಶದವನ ಕೈಸೇರಿತ್ತು. ಟೇಪಿನ ಡಬ್ಬದ ಮೇಲೆ ಸೀನಿಯ ತಂದೆಯ ಅಂಗಡಿಯ ಮುದ್ರೆ ಇದ್ದದ್ದರಿಂದ ಆತ ಸೀನಿಯನ್ನು ಹುಡುಕಿ ಮೇಲ್ ಬರೆದ. ಅದೇ ಡಬ್ಬದ ಮೇಲೆ ಮಾವ ಕೈಯಾರೆ ಬರೆದಿದ್ದ ‘ಅಳಿಸಬಹುದು’ ಎಂಬ ಸೂಚನೆಯನ್ನು ಆತ ಹಾಡಿನ ಹೆಸರೆಂದು ತಿಳಿದು, ಹಾಗೇ ಅಚ್ಚಿಗೆ ಕೊಟ್ಟಿದ್ದ.

“ಲೇ ರಂಗ, ನಾವು ಫೇಮಸ್ ಕಣೋ!” ಅಂತ ಸೀನಿ ಫೋನಿನಲ್ಲಿ ಕೂಗಿದ. ಅವತ್ತು ಸಂಜೆಯೊಳಗೆ ನಾನು ವಾಕಿಂಗಿನ ಆರು ಜನಕ್ಕೂ, ಹಾಲಿನವನಿಗೂ, ನನ್ನ ಭಾವಮೈದುನನಿಗೆ ಎರಡು ಸಲವೂ ನನ್ನ ಹಾಡು ಫಾರಿನ್ನಿನಲ್ಲಿ ಬರುತ್ತಿದೆ ಎಂದು ಹೇಳಿಬಿಟ್ಟಿದ್ದೆ. ಹಾಡು ಕೇಳಿದ್ದು ಆಮೇಲೆ. ತಪ್ಪಾದದ್ದೇ ಅಲ್ಲಿ.

ಮಾರ್ಟೆನ್ ಹಾಡಿನ ಜೊತೆ ಪುಸ್ತಿಕೆಯ ಕರಡನ್ನೂ ಕಳಿಸಿದ್ದ. ಎರಡನೇ ನಿಮಿಷದಲ್ಲಿ ಲಯವನ್ನು ಧೈರ್ಯವಾಗಿ ಕುಸಿಯಲು ಬಿಟ್ಟಿದ್ದಾರೆ, ಇವರು ತಮ್ಮ ಕಾಲಕ್ಕಿಂತ ಬಹಳ ಮುಂದಿದ್ದವರು ಎಂದು ಬರೆದಿದ್ದ. ವೋಲ್ಟೇಜ್ ಇಳಿದು ಮಗ್ಗ ನಿಧಾನವಾಗಿತ್ತು, ಅಷ್ಟೆ. ಮೂರನೇ ನಿಮಿಷದಲ್ಲಿ ಗಂಟೆಯಂಥ ಒಂದು ‘ಟಣ್’, ಅದರ ಬೆನ್ನಿಗೇ ಅಪರಿಚಿತ ಮಹಿಳೆಯೊಬ್ಬಳ ಉದ್ದನೆಯ ಕೂಗು. ಇಡೀ ಆಲ್ಬಮಿನ ಅತ್ಯುತ್ತಮ ಕ್ಷಣ ಇದೇ, ದಯವಿಟ್ಟು ಆಕೆಯ ಹೆಸರು ತಿಳಿಸಿ ಎಂದು ಕೇಳಿದ್ದ. ನಾನು ಆಕೆಯನ್ನು ಹುಡುಕುವ ಸ್ಥಿತಿಯಲ್ಲಿರಲಿಲ್ಲ, ನನ್ನನ್ನೇ ಹುಡುಕುತ್ತಿದ್ದೆ. ಏಳು ಸಲ ಕೇಳಿದೆ. ಸೀನಿಯ ಹಾಡಿದೆ, ಸೀನಿಯ ಗಿಟಾರ್ ಇದೆ, ಮುನಿರಾಜುವಿನ ತಮಟೆ ಇದೆ, ಮಗ್ಗಗಳಂತೂ ಇವೆ. ಎರಡನೇ ಗಿಟಾರ್, ಅಂದರೆ ನನ್ನದು, ಇಲ್ಲ.

ನನ್ನ ಹೆಂಡತಿ ಪ್ರಮೀಳ ಪಕ್ಕದಲ್ಲೇ ಕೂತು ಕೇಳಿದಳು. “ಯಾರ್ರೀ ಅವಳು?” ಅಂದಳು. ನಮ್ಮ ಮದುವೆಗೂ ಮುಂಚಿನ ವಿಷಯವಿದು, ಇನ್ನೇನು ಶುರುವಾಯಿತು ಎಂದುಕೊಂಡು ನಾನು ಸಮರ್ಥನೆಗೆ ಬಾಯಿ ತೆರೆಯುವಷ್ಟರಲ್ಲಿ, “ನಿಮ್ಮೆಲ್ಲರ ಹೆಸರೂ ಹಾಕಿಸ್ಕೋತೀರಿ. ಅಷ್ಟು ಚೆನ್ನಾಗಿ ಕೂಗಿದಾಳೆ, ಅವಳಿಗೊಂದು ಹೆಸರಿಲ್ವಾ? ಹೋಗಿ ಕಂಡುಹಿಡ್ಕೊಂಡು ಬನ್ನಿ” ಅಂದಳು. ಆಮೇಲೆ, ಕೇಳಲೇಬಾರದಿದ್ದ ಪ್ರಶ್ನೆಯನ್ನೂ ಕೇಳಿದಳು: “ಇದರಲ್ಲಿ ನೀವೆಲ್ಲಿದೀರಿ?”

ಮಾರನೇ ದಿನವೇ ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ. ಸೀನಿ ಯೋಚಿಸಿ ಹೇಳಿದ: “ಎರಡನೇ ಗಿಟಾರ್ ಮಗ್ಗದ ಸದ್ದಲ್ಲಿ ಮುಳುಗೋಗಿರುತ್ತೆ ಬಿಡೋ.” ನಾನಿದ್ದದ್ದು ನಿನಗೆ ನೆನಪಿದೆಯೇನೋ ಎಂದು ಕೇಳಿದೆ. “ನೀನಿಲ್ದೆ ಇರ್ತಿದ್ಯಾ?” ಅಂದ. ಇದು ಉತ್ತರವಲ್ಲ. ಹೆಂಗಸಿನ ಬಗ್ಗೆ ಕೇಳಿದ್ದಕ್ಕೆ, ಶೆಡ್ಡಿನಲ್ಲಿದ್ದ ಹೆಂಗಸೆಂದರೆ ಮಗ್ಗ ನೋಡಿಕೊಳ್ಳುತ್ತಿದ್ದ ಜಯಮ್ಮ ಒಬ್ಬಳೇ, ಈಗ ಇಲ್ಲೇ ಹತ್ತಿರದ ಮಧುರೆ ಎಂಬ ಹಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದಾಳೆ ಎಂದ. ಇಬ್ಬರೂ ಅವನ ಸ್ಕೂಟರಿನಲ್ಲಿ ಮಧುರೆಗೆ ಹೋದೆವು.

ಜಯಮ್ಮನಿಗೆ ಎಂಬತ್ತರ ಹತ್ತಿರ. ಅಂಗಳದಲ್ಲಿ ಅವರೆಕಾಯಿ ರಾಶಿ ಹಾಕಿಕೊಂಡು ಕೂತಿದ್ದಳು. “ಬಂದ್ಯಾ ಸೀನಪ್ಪ? ಸುಮ್ನೆ ಕೂತ್ಕೋಬ್ಯಾಡಿ, ಸುಲೀರಿ” ಅಂತ ಇಬ್ಬರ ಮುಂದೆಯೂ ಒಂದೊಂದು ಬೊಗಸೆ ಸುರಿದಳು. ಸುಲಿಯುತ್ತಾ ಫೋನಿನಲ್ಲಿ ಹಾಡು ಹಾಕಿದೆವು. ಮಗ್ಗದ ಸದ್ದು ಕೇಳಿದ ತಕ್ಷಣ ಅವಳ ಕೈ ನಿಂತಿತು. “ಎರಡನೇ ಮಗ್ಗ ಸರಿಯಾಗಿ ಓಡ್ತಿಲ್ಲ” ಅಂದಳು. ‘ಟಣ್’ ಬಂದಾಗ, “ಲಾಳಿ ಹಾರ್ತು ನೋಡು. ಹೋಗಿ ಕಿಟಕಿ ಸರಳಿಗೆ ಬಡೀತು” ಅಂದಳು. ಕೂಗು ಬಂತು. ನಾವಿಬ್ಬರೂ ಅವಳ ಮುಖ ನೋಡಿದೆವು.

“ನೀನೇ ಅಲ್ವೇನಮ್ಮ ಕೂಗಿದ್ದು?”

“ನಾನ್ಯಾಕಪ್ಪಾ ಕೂಗ್ಲಿ? ದಿನಾ ಹಾರೋ ಲಾಳಿಗೆ?” ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದಳು. “ಇದು ಹೆಂಗ್ಸಲ್ಲ ಕಣಪ್ಪ. ಗಂಡ್ಸು. ಹೆದರ್ಕಂಡಿರೋ ಗಂಡ್ಸು.”

ಸೀನಿ ತಲೆ ಚಚ್ಚಿಕೊಂಡ. ರೆಕಾರ್ಡರ್ ಟಾರ್ಚಿನ ಸೆಲ್ಲಿನಲ್ಲಿ ಓಡುತ್ತಿದ್ದದ್ದು ಅವನಿಗೆ ಆಗ ನೆನಪಾಯಿತು. ಕೊನೆಗೆ ಸೆಲ್ಲು ಸೋತು ಟೇಪು ನಿಧಾನವಾಗಿದ್ದರೆ, ಆಮೇಲೆ ಸರಿಯಾದ ವೇಗದಲ್ಲಿ ಹಾಕಿದಾಗ ಎಂಥ ಗಡಸು ಗಂಟಲೂ ಹೆಣ್ಣುದನಿಯಾಗುತ್ತದೆ. ಹಾಡು ಕೊನೆಯಲ್ಲಿ ಸ್ವರ್ಗಕ್ಕೆ ಏರುತ್ತದೆ ಎಂದು ಮಾರ್ಟೆನ್ ಪುಸ್ತಿಕೆಯಲ್ಲಿ ಬರೆದದ್ದೂ ಇದನ್ನೇ.

ನನಗೆ ಒಳಗೆ ದೀಪ ಹೊತ್ತಿದಂತಾಯಿತು. ಗಿಟಾರ್ ಕೇಳಿಸದಿದ್ದರೆ ಹಾಳಾಗಲಿ, ಆ ಕೂಗು ನನ್ನದಾದರೆ ನಾನು ಅಲ್ಲಿದ್ದೆ. ಇದ್ದದ್ದಷ್ಟೇ ಅಲ್ಲ, ಆಲ್ಬಮಿನ ಅತ್ಯುತ್ತಮ ಕ್ಷಣವೇ ನಾನು. “ಸೀನಿ, ಅದು ನಾನು ಕಣೋ” ಅಂದೆ.

“ನೀನೆಲ್ಲಿಂದ ಬಂದ್ಯೋ? ಹಾಡ್ತಿದ್ದೋನು ನಾನು. ಕೂಗಿಗೆ ಮುಂಚೆ ಹಾಡು ನಿಂತಿದೆ, ಕೇಳಿಸ್ಕೋ. ಹೆದರ್ಕೊಂಡಿದ್ದು ನಾನು!”

“ಮಗ್ಗದ ಮನೇಲಿ ಹುಟ್ಟಿದೋನು ಲಾಳಿಗೆ ಹೆದರ್ತೀಯಾ? ನಾಚ್ಕೆ ಆಗಲ್ವಾ?”

“ಹಾಡಲ್ಲಿ ಇರೋದೆಲ್ಲಾ ನಂದೇ ಅಂತ ಹೊಟ್ಟೆಕಿಚ್ಚು ನಿಂಗೆ. ಇದೊಂದು ಕೂಗನ್ನ ಬಿಡಲ್ವಲ್ಲೋ!”

ಎಪ್ಪತ್ತು ದಾಟಿದ ಇಬ್ಬರು ಗಂಡಸರು, ಹೆಂಗಸಿನ ಹಾಗೆ ಚೀರಿದ್ದು ನಾನು ತಾನು ಎಂದು ಮಧುರೆಯ ಅಂಗಳದಲ್ಲಿ ಜಗಳವಾಡಿದೆವು. ಕೊನೆಗೆ ಜಯಮ್ಮನೇ, “ಇಬ್ರೂ ಒಂದ್ಸಲ ಕೂಗಿ ತೋರ್ಸಿ, ಹೇಳ್ತೀನಿ” ಅಂದಳು. ಮೊದಲು ಸೀನಿ ಎದ್ದು ನಿಂತು ಕೂಗಿದ. ಕೋಳಿಗಳು ಚದುರಿದವು. ಆಮೇಲೆ ನಾನು ಕಣ್ಣು ಮುಚ್ಚಿ, ಐವತ್ತು ವರ್ಷದ ಹಿಂದಿನ ಆ ಲಾಳಿಯನ್ನು ಕಿವಿಯ ಪಕ್ಕಕ್ಕೆ ತಂದುಕೊಂಡು, ಇದ್ದ ಉಸಿರೆಲ್ಲಾ ಕೂಡಿಸಿ ಕೂಗಿದೆ. ಪಕ್ಕದ ಮನೆಯವರು ಹಾವು ಬಂತೆಂದು ದೊಣ್ಣೆ ಹಿಡಿದು ಓಡಿಬಂದರು. ಜಯಮ್ಮ ಅವರನ್ನು ವಾಪಸು ಕಳಿಸಿ, ಒಂದು ಕಾಯಿ ಸುಲಿದು, ತೀರ್ಪು ಕೊಟ್ಟಳು: “ಇಬ್ರೂ ಅಲ್ಲ. ಅದರಾಗೆ ಜೀವ ಐತೆ.”

ಹೊರಡುವಾಗ ನಾನು ತಡೆಯಲಾರದೆ ಕೇಳಿದೆ: “ಅವತ್ತು ನಾನಿದ್ದದ್ದು ನೆನಪಿದೆಯೇನಮ್ಮ?” ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. “ಸೀನಪ್ಪ ಇದ್ದ, ಮುನಿರಾಜ ಇದ್ದ. ಇನ್ನೊಬ್ಬ ಕನ್ನಡಕದ ಹುಡುಗ ಬಾಗ್ಲಾಗೆ ನಿಂತಿದ್ದ. ಅದ್ಯಾರೋ ಏನೋ” ಅಂದಳು. ನನಗೆ ಕನ್ನಡಕ ಬಂದದ್ದು ಐವತ್ತಾದ ಮೇಲೆ. ಹಾಗಂತ ನಾನು ತಿಳಿದುಕೊಂಡಿದ್ದೇನೆ.

ಮಾರ್ಟೆನ್‌ಗೆ ಉತ್ತರ ಬರೆಸಿದ್ದು ಪ್ರಮೀಳ. ನಾನು ಅಲಂಕರಿಸಿ ಬರೆಯಲು ಹೋದದ್ದನ್ನೆಲ್ಲ ಹೊಡೆದುಹಾಕಿಸಿದಳು. “ಮಗ್ಗ ಓಡಿಸಿದೋಳು ಜಯಮ್ಮ ತಾನೆ? ಹಾಡಲ್ಲಿ ಮುಕ್ಕಾಲು ಪಾಲು ಮಗ್ಗವೇ ಇದೆ. ಅವಳ ಹೆಸರು ಬರೀರಿ” ಅಂದಳು. ಬರೆದೆ. ಕೂಗಿದವರ್ಯಾರೋ ತಿಳಿಯಲಿಲ್ಲ, ಗಂಡಸಿರಬಹುದು ಎಂದೂ ಬರೆದೆ. “ನಿಮ್ಮದು?” ಅಂದಳು. ನಾನು ಎರಡನೇ ಗಿಟಾರ್ ಬಾರಿಸಿದ್ದೆ, ಆದರೆ ಅದು ಕೇಳಿಸುತ್ತಿಲ್ಲ ಎಂದು ಬರೆದೆ. ‘ಬಾರಿಸಿದ್ದೆ’ ಎಂಬಲ್ಲಿ ಬೆರಳು ಸ್ವಲ್ಪ ತಡೆಯಿತು. ಅವಳು ನೋಡಿದಳು, ಇದೊಂದನ್ನು ಹೊಡೆದುಹಾಕಿಸಲಿಲ್ಲ.

ಆಲ್ಬಮ್ ಹೋದ ತಿಂಗಳು ಬಂತು. ಪುಸ್ತಿಕೆಯ ಇಪ್ಪತ್ತೆರಡನೇ ಪುಟದಲ್ಲಿ ನಾವಿದ್ದೇವೆ. ಗಾಯನ ಮತ್ತು ಗಿಟಾರ್: ಶ್ರೀನಿವಾಸ. ತಮಟೆ: ಮುನಿರಾಜು. ಮಗ್ಗ: ಜಯಮ್ಮ. ಕೂಗು: ಗೊತ್ತಿಲ್ಲ. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, ಎರಡನೇ ಗಿಟಾರ್: ರಂಗಸ್ವಾಮಿ, ಕೇಳಿಸುವುದಿಲ್ಲ. ವಾಕಿಂಗಿನ ಆರು ಜನಕ್ಕೂ ಆ ಪುಟ ತೋರಿಸಿದೆ, ಕೊನೆಯ ಪದದ ಮೇಲೆ ಹೆಬ್ಬೆರಳು ಇಟ್ಟುಕೊಂಡು. ತಟ್ಟೆ ಹಾಕಿ ಕೇಳಲು ಮನೆಯಲ್ಲಿ ಯಂತ್ರವಿಲ್ಲ, ಹಾಗಾಗಿ ಸದ್ಯಕ್ಕೆ ಯಾರಿಗೂ ಏನೂ ಕೇಳಿಸುವುದಿಲ್ಲ. ಆ ಮಟ್ಟಿಗೆ ನಾವೆಲ್ಲರೂ ಸಮ. ಬಾಗಿಲಲ್ಲಿ ನಿಂತಿದ್ದ ಕನ್ನಡಕದ ಹುಡುಗ ಯಾರೆಂದು ನನಗೆ ಗೊತ್ತಿಲ್ಲ. ಕೂಗಿದ್ದು ಅವನೋ, ಮುನಿರಾಜುವೋ ಗೊತ್ತಿಲ್ಲ. ಅವತ್ತು ನಾನು ಅಲ್ಲಿದ್ದೆನೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.