ಹಲ್ಲಿನ ಡಾಕ್ಟರು ಹಲ್ಲುಚಕ್ರ ಕೊಳ್ಳಲು ಹೋದದ್ದು

ಇಪ್ಪತ್ತೆರಡು ವರ್ಷ ಊರವರ ಹಲ್ಲು ಕಿತ್ತರೂ ಒಂದು ಕೆಟ್ಟ ಮಾತು ಕೇಳದ ಹಲ್ಲಿನ ಡಾಕ್ಟರಿಗೆ, ಹೆಂಡತಿಯ ಮಷೀನಿನ ಮೂರು ಹಲ್ಲು ಮುರಿದ ಅಪಕೀರ್ತಿ ಒಂದೇ ಮಧ್ಯಾಹ್ನದಲ್ಲಿ ಬಂದು ತಗುಲಿಕೊಂಡಿತು.

ಮಷೀನು ಎಂದರೆ ಹಲಗೆ ಕೀಸುವ ಮಷೀನು. ಡಾಕ್ಟರ ಮಾವ ಹೆಸರುವಾಸಿ ಬಡಗಿ. ಅವರು ತೀರಿಕೊಂಡಾಗ ಉಳಿದ ಮಕ್ಕಳೆಲ್ಲ ಮನೆ, ಒಡವೆ ಎಂದು ಕೂತರೆ, ಡಾಕ್ಟರ ಹೆಂಡತಿ ತನಗೆ ಅಪ್ಪನ ಮಷೀನು ಸಾಕೆಂದು ಅದನ್ನು ಲಾರಿಗೆ ಹೇರಿಕೊಂಡು ಬಂದಿದ್ದಳು. ಮನೆಯ ಮುಂಭಾಗದಲ್ಲಿ ಡಾಕ್ಟರ ಕ್ಲಿನಿಕ್ಕು, ಹಿತ್ತಲ ಷೆಡ್ಡಿನಲ್ಲಿ ಹೆಂಡತಿಯ ಮರಗೆಲಸ. ಮುಂದೆ ಡ್ರಿಲ್ಲು ಗುಂಯ್ ಎಂದರೆ ಹಿಂದೆ ಮಷೀನು ಘರ್ರ್ ಎನ್ನುತ್ತಿತ್ತು. (ಎರಡೂ ಸದ್ದು ಡಾಕ್ಟರದೇ ಎಂದು ತಿಳಿದು, ಸರದಿ ಬರುವ ಮುಂಚೆಯೇ ಚಪ್ಪಲಿ ಮೆಟ್ಟಿಕೊಂಡು ಜಾಗ ಖಾಲಿ ಮಾಡಿದ ರೋಗಿಗಳುಂಟು.) ಅವಳು ಮಾಡುತ್ತಿದ್ದದ್ದು ಮಕ್ಕಳ ಕುರ್ಚಿ. ಈ ಸಲ ಒಂದು ಶಿಶುವಿಹಾರದವರು ನಲವತ್ತು ಕುರ್ಚಿ ಹೇಳಿದ್ದರು. ಶಾಲೆ ತೆರೆಯಲು ಐದು ವಾರ ಉಳಿದಿತ್ತು.

ಅಂಥ ಹೊತ್ತಿನಲ್ಲಿ ಡಾಕ್ಟರಿಗೆ ಕ್ಲಿನಿಕ್ಕಿಗೊಂದು ಶೆಲ್ಫು ಬೇಕೆನ್ನಿಸಿತು. ಹೆಂಡತಿ ಅಂಟು ತರಲು ಪೇಟೆಗೆ ಹೋಗಿದ್ದಳು. ಒಂದು ಹಲಗೆ ಕೀಸಲು ಅವಳನ್ನು ಯಾಕೆ ಕಾಯಬೇಕು, ತಾನೂ ಡ್ರಿಲ್ಲು ಹಿಡಿದು ಬಾಳಿದವನೇ ಎಂದು ಮೂಲೆಯಲ್ಲಿದ್ದ ಹಳೆ ಬಾಗಿಲಿನ ಹಲಗೆಯೊಂದನ್ನು ಮಷೀನಿಗೆ ಕೊಟ್ಟರು. ಅದರೊಳಗೊಂದು ಮೊಳೆ ಇತ್ತು. ಮಷೀನು ಹಲಗೆಯನ್ನು ಅರ್ಧ ನುಂಗಿತು, ಕೆಮ್ಮಿತು, ಒಳಗೆಲ್ಲೋ ಕಟಕ್ ಎಂದಿತು. ಇಪ್ಪತ್ತೆರಡು ವರ್ಷದ ಅನುಭವ. ಅದು ಹಲ್ಲು ಮುರಿದ ಸದ್ದು ಎಂದು ಡಾಕ್ಟರಿಗೆ ತಕ್ಷಣ ತಿಳಿಯಿತು.

ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಪಕ್ಕದ ಮುಚ್ಚಳ ಬಿಚ್ಚಿ, ಹಲಗೆಯನ್ನು ಒಳಕ್ಕೆಳೆಯುವ ಉರುಳೆಯ ಹಲ್ಲುಚಕ್ರ ನೋಡಿ, ಕೆಳಗೆ ಬಿದ್ದಿದ್ದ ಮೂರು ಕಬ್ಬಿಣದ ಹಲ್ಲುಗಳನ್ನು ಅಂಗೈಯಲ್ಲಿ ಆಯ್ದುಕೊಂಡು ಗಂಡನ ಮುಂದೆ ಹಿಡಿದಳು.

"ಊರೋರಿಗೆಲ್ಲ ಹಲ್ಲು ಕಟ್ತೀರಲ್ಲ, ಇದನ್ನೂ ಕಟ್ಟಿಕೊಡಿ. ಸೋಮವಾರದೊಳಗೆ."

ಮಷೀನು ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿ ಮೂವತ್ತು ವರ್ಷವಾಗಿತ್ತು. ಲೇತ್ ಕೆಲಸದವರ ಬಳಿ ಹೋದರೆ, ಐವತ್ತು ಚಕ್ರ ಮಾಡಿಸುವುದಾದರೆ ಮಾತಾಡೋಣ, ಒಂದಕ್ಕೆಲ್ಲ ಅಚ್ಚು ಕಟ್ಟುತ್ತಾ ಕೂರಲು ಆಗುವುದಿಲ್ಲ ಎಂದರು. ಕೊನೆಗೆ ಡಾಕ್ಟರು ಮೊಬೈಲಿನಲ್ಲಿ ಹುಡುಕಿ ಹುಡುಕಿ, ಹಳೆ ಮಷೀನುಗಳ ಬಿಡಿಭಾಗ ಹರಾಜು ಹಾಕುವ ಒಂದು ಜಾಲತಾಣಕ್ಕೆ ಹೋಗಿ ಮುಟ್ಟಿದರು. ಅಲ್ಲಿತ್ತು: ಅದೇ ಮಾದರಿಯ, ತುಕ್ಕು ಹಿಡಿದ, ಎಲ್ಲ ಹಲ್ಲೂ ನೆಟ್ಟಗಿರುವ ಚಕ್ರ. ಆರಂಭದ ಬೆಲೆ ಒಂದು ಹೊತ್ತಿನ ಊಟದಷ್ಟು. ಡಾಕ್ಟರು ಮೀಸೆಯಡಿ ನಕ್ಕರು.

ಚಕ್ರ ಬೀಡು ಕಬ್ಬಿಣದ್ದು. ಬೀಡಿಗೆ ಬಿಡ್ ಹಾಕುವುದು, ಬೆಲೆ ಮಿತಿಮೀರಿದರೆ ಬಿಡು ಎಂದು ಎದ್ದು ಬರುವುದು, ಇಷ್ಟೇ ತಾನೇ ಎಂದು ಅವರು ಹೆಂಡತಿಗೆ ಧೈರ್ಯ ಹೇಳಿದರು. ಹೆಂಡತಿ ಮರಳು ಕಾಗದದಿಂದ ಕುರ್ಚಿಕಾಲು ಉಜ್ಜುತ್ತಾ ಹೂಂ ಎಂದಳು.

ಹರಾಜು ಮುಗಿಯುವುದು ಶುಕ್ರವಾರ ಬೆಳಗ್ಗೆ ಹನ್ನೊಂದೂವರೆಗೆ. ಆ ಹೊತ್ತಿಗೆ ಸರಿಯಾಗಿ ಒಬ್ಬ ಬಸ್ ಕಂಡಕ್ಟರ್ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ. ಡಾಕ್ಟರು ಅವನ ಬಾಯಿಗೆ ಹತ್ತಿ ತುರುಕಿ, ಎರಡು ನಿಮಿಷ ಹಾಗೇ ಇರಿ ಎಂದು ಹೇಳಿ ಮೊಬೈಲು ಹಿಡಿದರು. 'ಗರಗಸ' ಎಂಬ ಹೆಸರಿನ ಯಾರೋ ಒಬ್ಬರು ಇವರಿಗಿಂತ ಸ್ವಲ್ಪ ಹೆಚ್ಚು ಕೂಗಿದ್ದರು. ಇವರು ಇನ್ನಷ್ಟು ಏರಿಸಿದರು. ಗರಗಸ ಅದನ್ನೂ ಕೊಯ್ದುಕೊಂಡು ಮೇಲೆ ಹೋಯಿತು. ಬೆಲೆ ಒಂದು ಹೊತ್ತಿನ ಊಟವನ್ನು ದಾಟಿ, ಒಂದು ಮದುವೆಯೂಟದ ಕಡೆಗೆ ಹೊರಟಿತು. ಕಂಡಕ್ಟರ್ ಬಾಯಿ ತೆರೆದುಕೊಂಡೇ ಕಣ್ಣು ಹೊರಳಿಸಿ ಮೊಬೈಲು ಇಣುಕುತ್ತಿದ್ದ. ಚಕ್ರದ ಬೆಲೆ ಹೊಸದೊಂದು ಸಣ್ಣ ಮಷೀನಿನ ಬೆಲೆಯನ್ನು ಮುಟ್ಟಿದಾಗ ಡಾಕ್ಟರು, ತುಕ್ಕಿಗೆ ತಲೆಬಾಗುವ ಜಾಯಮಾನ ತಮ್ಮದಲ್ಲವೆಂದು ಮೊಬೈಲನ್ನು ಇಕ್ಕಳದ ಟ್ರೇಗೆ ಎಸೆದರು.

ಹತ್ತಿ ತೆಗೆದ ಮೇಲೆ ಕಂಡಕ್ಟರ್ ತನ್ನ ಹಲ್ಲಿಗೆ ಟೋಪಿ ಹಾಕಲು ಎಷ್ಟಾಗುತ್ತದೆ ಎಂದು ಕೇಳಿದ. ಡಾಕ್ಟರು ಹೇಳಿದರು. ಕಡಲೆಕಾಳಿನಷ್ಟು ವಸ್ತುವಿಗೆ ಅಷ್ಟು ಬೆಲೆಯೇ ಎಂದು ಅವನು ಹೌಹಾರಿದ.

"ಸೈಜು ನೋಡಬೇಡಿ," ಎಂದರು ಡಾಕ್ಟರು ಸಿಡುಕಿನಿಂದ. "ಅದೊಂದಿಲ್ಲದೆ ಊಟ ಹೇಗೆ ಮಾಡ್ತೀರಿ, ಅದನ್ನ ಯೋಚನೆ ಮಾಡಿ."

ತಾವು ಏನು ಹೇಳಿದೆವೆಂದು ಡಾಕ್ಟರಿಗೆ ಹೊಳೆಯಲಿಲ್ಲ. ಕೋಪ ಇನ್ನೂ ನೆತ್ತಿಯಲ್ಲೇ ಇತ್ತು. ಮಧ್ಯಾಹ್ನ ಊಟ ಬಿಟ್ಟು ಮಾರಾಟಗಾರನಿಗೆ ಒಂದು ದೀರ್ಘ ಪತ್ರ ಬರೆದರು. ಗುಜರಿಯಲ್ಲಿ ತೂಕಕ್ಕೆ ಹಾಕುವ ವಸ್ತುವನ್ನು ಚಿನ್ನದ ದರದಲ್ಲಿ ಮಾರುವುದು ಹಗಲುದರೋಡೆ ಎಂಬುದು ಅದರ ಸಾರಾಂಶ. ಸಂಜೆ ಉತ್ತರ ಬಂತು. ಮಾರಾಟಗಾರ ಬಹಳ ಸಮಾಧಾನದ ಮನುಷ್ಯ. ಆ ಮಾದರಿಯ ಮಷೀನುಗಳಲ್ಲಿ ಎಲ್ಲೆಡೆ ಮುರಿಯುವುದು ಅದೇ ಚಕ್ರ. ಹೊಸದನ್ನು ಯಾರೂ ಮಾಡುವುದಿಲ್ಲ. ಇಡೀ ಮಷೀನು ಎತ್ತಲಾರದ ಭಾರವಾದ್ದರಿಂದ ಯಾರಿಗೂ ಬೇಡ, ಚಕ್ರ ಮಾತ್ರ ಎಲ್ಲರಿಗೂ ಬೇಕು. ಹಠಮಾರಿಗಳು ಇಬ್ಬರೇ ಇಬ್ಬರು ಸಿಕ್ಕರೂ ಬೆಲೆ ತಾನಾಗಿ ಏರುತ್ತದೆ ಎಂದು ವಿವರಿಸಿದ್ದ. ಕೊನೆಯಲ್ಲಿ ಒಂದೇ ಸಾಲು: "ಆ ಗೇರಿಲ್ಲದೆ ನಿಮ್ಮ ಮಷೀನಿನ ಬೆಲೆ ಎಷ್ಟು ಸರ್?"

ಡಾಕ್ಟರು ಹಲ್ಲು ಕಡಿದರು. ಆದರೆ ಆ ಪತ್ರದಲ್ಲೇ ಅವರಿಗೆ ದಿವ್ಯಜ್ಞಾನವೂ ಆಯಿತು. ಇಡೀ ಮಷೀನು ಯಾರಿಗೂ ಬೇಡ! ಅಂದ ಮೇಲೆ ಇಡೀ ಮಷೀನನ್ನೇ ಕೊಂಡು, ಚಕ್ರ ಕಳಚಿಕೊಂಡು, ಉಳಿದದ್ದನ್ನು ಬಿಸಾಕಿದರೆ ಮುಗಿಯಿತಲ್ಲ. ಮುಂದಿನ ವಾರವೇ ಅಂಥದೊಂದು ಹರಾಜಿಗೆ ಬಂತು. ಅದೇ ಮಾದರಿ, ಅದೇ ಹಸಿರು ಬಣ್ಣ. ಕೊಂಡವರೇ ಬಂದು ಎತ್ತಿಕೊಂಡು ಹೋಗಬೇಕೆಂದು ಬರೆದಿತ್ತು. ಬಿಡ್ ಹಾಕಿದವರು ಡಾಕ್ಟರೊಬ್ಬರೇ. ಚಕ್ರದ ಬೆಲೆಯ ಮೂರನೇ ಒಂದು ಪಾಲಿಗೆ ಮಷೀನು ಅವರದಾಯಿತು.

ಊಟದ ಮೇಜಿನಲ್ಲಿ ಅವರು ಈ ದಿಗ್ವಿಜಯವನ್ನು ಬಣ್ಣಿಸುತ್ತಾ, ಲೋಕದಲ್ಲಿ ಬುದ್ಧಿವಂತರು ಎಷ್ಟು ಕಡಿಮೆ ಎಂದು ಮರುಗಿದರು. ಹೆಂಡತಿ ತುತ್ತು ನುಂಗಿ ಕೇಳಿದ್ದು ಒಂದೇ ಮಾತು.

"ಮುಚ್ಚಳ ತೆಗೆದು ತೋರಿಸಿ ಅಂದ್ರಾ?"

ಮುಚ್ಚಳ ಗಟ್ಟಿಯಾಗಿ ಮುಚ್ಚಿದೆ ಎಂದರೆ ಒಳಗಿನದು ಭದ್ರವಾಗಿದೆ ಎಂದೇ ಅರ್ಥ, ಹೆಂಗಸರಿಗೆ ಎಲ್ಲದರಲ್ಲೂ ಅನುಮಾನ ಎಂದು ಡಾಕ್ಟರು ಮಾತು ತೇಲಿಸಿದರು.

ಲಾರಿಗೆ ಮಷೀನಿನಷ್ಟೇ ಬಾಡಿಗೆ. ಇಳಿಸಲು ಬಂದ ಆರು ಜನ ಒಮ್ಮೆ ಎತ್ತಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೂಲಿ ಎರಡರಷ್ಟು ಎಂದರು. ಪಕ್ಕದ ಓಣಿಯಿಂದ ಷೆಡ್ಡಿಗೆ ಒಯ್ಯಲು ಹೋದರೆ ಓಣಿ ನಾಲ್ಕು ಬೆರಳು ಕಿರಿದು. ಅಂತೂ ತಳ್ಳಿ, ಉರುಳಿಸಿ, ಮುಂಬಾಗಿಲ ಚೌಕಟ್ಟಿನ ಒಂದು ಸೀಳು ಎಬ್ಬಿಸಿ ಕ್ಲಿನಿಕ್ಕಿನ ಹಜಾರದಲ್ಲಿ ನಿಲ್ಲಿಸಿದರು. ಇನ್ನು ಒಂದು ಅಂಗುಲವೂ ಸರಿಸಲಾರೆವೆಂದು ನೀರು ಕುಡಿದು ಹೊರಟೇಹೋದರು. ಕಾಯುತ್ತಿದ್ದ ರೋಗಿಗಳು ಬೆಂಚು ಬಿಟ್ಟೆದ್ದು ಗೋಡೆಗೆ ಅಂಟಿಕೊಂಡಿದ್ದರು. ಅದು ಯಾವ ಹಲ್ಲಿಗೆ ಉಪಯೋಗಿಸುವುದು ಎಂದು ಒಬ್ಬ ಮುದುಕಿ ನಡುಗುವ ದನಿಯಲ್ಲಿ ಕೇಳಿದಳು.

ಡಾಕ್ಟರು ಬಿಳಿ ಕೋಟಿನಲ್ಲೇ ಸ್ಪ್ಯಾನರು ಹಿಡಿದು, ಎಲ್ಲರೆದುರಿಗೆ, ಶಸ್ತ್ರಚಿಕಿತ್ಸೆಯ ಗಾಂಭೀರ್ಯದಿಂದ ಮುಚ್ಚಳ ಬಿಚ್ಚಿದರು. ಒಳಗೆ ಚಕ್ರವಿರಬೇಕಾದ ಜಾಗದಲ್ಲಿ ನುಣ್ಣನೆಯ ಬೋಳು ದಂಡವೊಂದು ಚಾಚಿಕೊಂಡಿತ್ತು, ಹಲ್ಲು ಕಿತ್ತ ಒಸಡಿನ ಹಾಗೆ.

ಮಾರಾಟಗಾರನಿಗೆ ಫೋನು ಮಾಡಿದರು. ಸ್ಪೀಕರು ಹಾಕಿದ್ದು ಮರೆತುಹೋಗಿತ್ತು, ಹಾಗಾಗಿ ಹಜಾರವೆಲ್ಲ ಕೇಳಿಸಿಕೊಂಡಿತು.

"ಆ ಗೇರನ್ನ ಹಿಂದಿನ ವಾರವೇ ಮಾರಿದ್ನಲ್ಲ ಸರ್," ಎಂದನು ಆ ಸಮಾಧಾನದ ಮನುಷ್ಯ. "ಇದೇ ಮಷೀನಿಂದು. ನೀವೂ ಬಿಡ್ ಹಾಕಿದ್ರಿ. ಕಾಗದಾನೂ ಬರೆದಿದ್ರಿ."

ಇಪ್ಪತ್ತೆರಡು ವರ್ಷ ಕಾಪಾಡಿಕೊಂಡು ಬಂದ ಮರ್ಯಾದೆ ರೋಗಿಗಳೆದುರು ಹರಾಜಾಯಿತು. ಕೂಗುವವರು ಯಾರೂ ಇರಲಿಲ್ಲ. ಡಾಕ್ಟರು ಮಷೀನಿನ ಮೇಲೆ ಮೊಣಕೈಯೂರಿ ತಲೆ ಹಿಡಿದುಕೊಂಡು ನಿಂತರು. ಈಗ ಮನೆಯಲ್ಲಿ ಮಷೀನು ಎರಡು, ಎರಡಕ್ಕೂ ಬೇಕಾದ ಚಕ್ರ ಸೊನ್ನೆ, ಶಾಲೆ ತೆರೆಯಲು ಮೂರೇ ವಾರ.

ಹೆಂಡತಿ ಹಿತ್ತಲಿನಿಂದ ಬಂದಳು. ಮಷೀನನ್ನು ಒಂದು ಸುತ್ತು ಹಾಕಿ ನೋಡಿದಳು. ಗಂಡನನ್ನು ಬೈಯುತ್ತಾಳೆಂದು ರೋಗಿಗಳು ಹಲ್ಲುನೋವು ಮರೆತು ಕಿವಿ ನಿಮಿರಿಸಿದರು. ಅವಳು ಬೈಯಲಿಲ್ಲ. ಮಾರಾಟಗಾರ ಬರೆದ ಪತ್ರ ಎಲ್ಲಿ ಎಂದು ಕೇಳಿ ಇಸಿದುಕೊಂಡು, ಎರಡು ಸಲ ಓದಿ, ಗಂಡನ ಕೈಯಿಂದ ಸ್ಪ್ಯಾನರು ತೆಗೆದುಕೊಂಡಳು.

ನಾಲ್ಕು ದಿನದಲ್ಲಿ ಮಷೀನು ತುಂಡುತುಂಡಾಗಿ ಹಜಾರದ ಬೆಂಚುಗಳ ಮೇಲೆ ಹರಡಿಕೊಂಡಿತು. ಉರುಳೆ, ಅಲಗಿನ ಪಟ್ಟಿ, ಕೈಚಕ್ರ, ಹಿಡಿಕೆಯ ಗುಂಡಿ, ಕಂಪನಿ ಹೆಸರಿನ ಹಿತ್ತಾಳೆ ಫಲಕ. ಅವಳು ಒಂದೊಂದನ್ನೂ ತಿಕ್ಕಿ ತೊಳೆದು, ಡಾಕ್ಟರ ಬಿಳಿ ದೀಪದ ಕೆಳಗಿಟ್ಟು ಫೋಟೋ ತೆಗೆದು ಹರಾಜಿಗೆ ಹಾಕಿದಳು. ಲೋಕದ ನಾನಾ ಮೂಲೆಗಳಲ್ಲಿ ಇದೊಂದು ಗುಂಡಿಗಾಗಿ, ಇದೊಂದು ಫಲಕಕ್ಕಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದ ಜನ ಮೇಲೆ ಬಿದ್ದು ಕೊಂಡರು. ಪೊಟ್ಟಣ ಕಟ್ಟುವ ಕೆಲಸ ಡಾಕ್ಟರಿಗೆ ಬಿತ್ತು. ಒಬ್ಬ ಗಿರಾಕಿಯ ಹತ್ತಿರ ಅದೇ ಹಲ್ಲುಚಕ್ರ ಎರಡಿದ್ದವು. ಉರುಳೆಗೆ ಬದಲಾಗಿ ಒಂದನ್ನು ಕೊಟ್ಟ. ಷೆಡ್ಡಿನಲ್ಲಿ ಮಷೀನು ಮತ್ತೆ ಘರ್ರ್ ಎಂದಿತು. ನಲವತ್ತು ಕುರ್ಚಿಗಳೂ ಶಾಲೆ ತೆರೆಯುವ ಹಿಂದಿನ ದಿನ ಬಣ್ಣ ಒಣಗಿಸಿಕೊಂಡು ಹೊರಟವು.

ಅಲ್ಲಿಗೆ ಗಂಡಾಂತರ ಕಳೆಯಿತು ಎಂದು ಡಾಕ್ಟರು ನಿಟ್ಟುಸಿರು ಬಿಟ್ಟರು. ಒಂದು ದಿನ ಊಟಕ್ಕೆ ಬಡಿಸುತ್ತಾ ಹೆಂಡತಿ, ಅವರು ರೋಗಿಗಳನ್ನು ಮಲಗಿಸುವ ಕುರ್ಚಿಯ ಕಂಪನಿ ಈಗಲೂ ಇದೆಯೇ ಎಂದು ಕೇಳಿದಳು. ಮುಚ್ಚಿ ಎಂಟು ವರ್ಷವಾಯಿತು, ಅಂಥ ಗಟ್ಟಿ ಮಾಲು ಈಗೆಲ್ಲಿ ಬರುತ್ತದೆ ಎಂದು ಡಾಕ್ಟರು ಹೆಮ್ಮೆಯಿಂದಲೇ ಹೇಳಿದರು. ಅವಳು ಹೌದಾ ಎಂದು ಸಾರು ಬಡಿಸಿದಳು. ಆ ಹೌದಾ ಕೇಳಿಯೂ ಅವರು ಎಚ್ಚೆತ್ತುಕೊಳ್ಳಲಿಲ್ಲ.

ಮಂಗಳವಾರ ಬೆಳಗ್ಗೆ ಡಾಕ್ಟರು ಒಬ್ಬ ದಪ್ಪ ವಕೀಲರ ದವಡೆಹಲ್ಲಿಗೆ ಇಕ್ಕಳ ಹಾಕಿದ್ದರು. ಹಜಾರದಲ್ಲಿ ಯಾರೋ ಅಪರಿಚಿತರು, ತಾವೂ ಹಲ್ಲಿನ ಡಾಕ್ಟರೇ, ಬಹಳ ದೂರದಿಂದ ಬಂದಿದ್ದೇವೆ, ವಸ್ತು ಸಿಕ್ಕರೆ ಈಗಲೇ ಹೊರಡುತ್ತೇವೆ ಎನ್ನುತ್ತಿದ್ದರು. ಹೆಂಡತಿ ಅವರಿಗೆ ವಿನಯದಿಂದ ಹೇಳುತ್ತಿದ್ದ ಮಾತು ಒಳಗೆ ಸ್ಪಷ್ಟವಾಗಿ ಕೇಳಿಸಿತು.

"ಈಗಲೇ ಬಿಚ್ಚಿಕೊಡೋಕಾಗಲ್ಲ ಸರ್, ಅದರ ಮೇಲೆ ಪೇಷಂಟ್ ಮಲಗಿದ್ದಾರೆ. ಅವರು ಎದ್ದ ತಕ್ಷಣ ತಗೊಂಡು ಹೋಗಿ."